ಹದಿನಾರು ಹೆಜ್ಜೆಯ ಮನೆ

ಅಬು ನಜೀಬರು ನಡೆಯುವುದನ್ನು ಮೊದಲ ಸಲ ಕಂಡವರು ಅವರ ಮೊಣಕಾಲಿನಲ್ಲಿ ಏನೋ ಊನವಿರಬೇಕೆಂದು ಭಾವಿಸುತ್ತಿದ್ದರು. ಎಡಗಾಲನ್ನೆತ್ತಿ, ನೆಲದ ಅನುಮತಿ ಕೇಳುವವರಂತೆ ಒಂದು ಕ್ಷಣ ತಡೆದು, ಹಿಮ್ಮಡಿಯನ್ನು ದೃಢವಾಗಿ ಊರಿ, ಆಮೇಲೆ ಬಲಗಾಲನ್ನು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಅಷ್ಟೇ ದೂರದಲ್ಲಿ ಇಡುವರು. ತುಟಿಗಳು ಮಾತ್ರ ಮೆಲ್ಲಗೆ ಅಲುಗುತ್ತಿರುವುವು. ದೇವರ ನಾಮಸ್ಮರಣೆಯೆಂದು ಭ್ರಮಿಸಿ ಗೌರವದಿಂದ ದಾರಿ ಬಿಟ್ಟವರೂ ಉಂಟು. ಅದು ಸ್ಮರಣೆಯಲ್ಲ, ಎಣಿಕೆ. ಅವರು ಹರೆಯದವರಾಗಿದ್ದಾಗ ಒಬ್ಬ ಮುದಿ ಸರ್ವೆಯವನು ಎರಡು ಕಲ್ಲುಗಳ ನಡುವೆ ಅವರನ್ನು ವಾರಗಟ್ಟಲೆ ನಡೆಸಿ, ಅವರ ಒಂದು ಹೆಜ್ಜೆಯನ್ನು ಎಪ್ಪತ್ತೈದು ಸೆಂಟಿಮೀಟರಿಗೆ ಪಳಗಿಸಿದ್ದನಂತೆ. ಅಂದಿನಿಂದ ಆ ಹೆಜ್ಜೆ ಅವರ ಕಾಲನ್ನು ಬಿಡಲಿಲ್ಲ. ಶವಯಾತ್ರೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಲೇ ಮಸೀದಿಯಿಂದ ಸ್ಮಶಾನಕ್ಕೆ ಎಷ್ಟಾಯಿತೆಂದು ಎಣಿಸಿಬಿಡುತ್ತಿದ್ದರು. ಮದುವೆಗಳಲ್ಲಿ ಕೈಕೈ ಹಿಡಿದು ಸಾಲಾಗಿ ಕುಣಿಯುವಾಗ ಎಲ್ಲರ ಕಾಲೂ ತಾಳಕ್ಕೆ ಬಿದ್ದರೆ ಅಬು ನಜೀಬರದು ಮಾತ್ರ ಎಪ್ಪತ್ತೈದಕ್ಕೇ ಬೀಳುತ್ತಿದ್ದುದರಿಂದ, ಅವರನ್ನು ಸಾಲಿನ ಕಟ್ಟಕಡೆಗೆ ನಿಲ್ಲಿಸುವುದು ನಮ್ಮ ಸಲ್ತ್ ಪಟ್ಟಣದಲ್ಲಿ ವಾಡಿಕೆಯಾಗಿತ್ತು.

ಅವರ ಕಸುಬು ಅರ್ಜಿ ಬರೆಯುವುದು. ಪುರಸಭೆಯ ಎದುರು, ಹಿರಿಯರು ಅಳಗುಳಿಮಣೆ ಆಡುವ ಚೌಕದ ಅಂಚಿನಲ್ಲಿ, ಬಣ್ಣ ಮಾಸಿದ ಒಂದು ಛತ್ರಿಯ ಕೆಳಗೆ ತಗಡಿನ ಮೇಜು, ಅದರ ಮೇಲೊಂದು ಬೆರಳಚ್ಚಿನ ಯಂತ್ರ. ಅಲ್ಲಿ ಅಂಥ ಮೇಜುಗಳು ಇನ್ನೂ ಮೂರಿದ್ದವು. ಜನ್ಮಪತ್ರ, ಪಿಂಚಣಿ, ತಕರಾರು, ಕ್ಷಮಾಪಣೆ ಎಲ್ಲವೂ ಆ ಮೂರರಲ್ಲಿ ಆಗುತ್ತಿದ್ದವು. ಆದರೆ ಕಟ್ಟಡದ ಅರ್ಜಿಯಲ್ಲಾಗಲಿ, ಮನೆಯವನಿಗೂ ಮೇಸ್ತ್ರಿಗೂ ಆಗುವ ಕರಾರಿನಲ್ಲಾಗಲಿ ‘ಕಟ್ಟಲಿರುವುದರ ವಿನ್ಯಾಸದ ವಿವರಣೆ’ ಎಂಬ ಅಂಕಣ ಬಂತೆಂದರೆ ಉಳಿದ ಮೂವರೂ ಲೇಖನಿಯಿಂದ ಅಬು ನಜೀಬರ ಛತ್ರಿಯತ್ತ ತೋರಿಸಿಬಿಡುತ್ತಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಕಲ್ಲಿನ ಗೋಡೆ ಎಂದು ಒಂದು ಸಾಲು ಗೀಚಿದರೆ ಸಾಕಾಗುವ ಆ ಅಂಕಣಕ್ಕೆ ಅವರು ಮೂರು ಹಾಳೆ ಅಂಟಿಸುತ್ತಿದ್ದರು. ಆ ಹಾಳೆಗಳಲ್ಲಿ ಮುಂಜಾನೆಯ ಬಿಸಿಲು ಯಾವ ಕಿಟಕಿಯಿಂದ ಬಂದು ಯಾವ ಗೋಡೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಬಾಗಿಲು ತೆರೆದಾಗ ಅತಿಥಿಯ ಕಣ್ಣಿಗೆ ಮೊದಲು ಬೀಳುವುದೇನು, ಬೀಳಬಾರದುದೇನು, ಚಳಿಗಾಲದಲ್ಲಿ ಒಲೆಯ ಸುತ್ತ ಎಷ್ಟು ಮಂದಿಯ ಮೊಣಕಾಲುಗಳಿಗೆ ಜಾಗವಿದೆ ಎಂಬುದೆಲ್ಲ ಇರುತ್ತಿತ್ತು. ಪುರಸಭೆಯ ಗುಮಾಸ್ತರು ಚಹಾದ ವೇಳೆಗೆ ಅದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಅವರ ಕೋಟು. ಕಂದು ಉಣ್ಣೆಯ, ಮೊಣಕಾಲು ಮುಟ್ಟುವ ಆ ಕೋಟು ಬೇಸಿಗೆಯಲ್ಲೂ ಮೈಮೇಲಿಂದ ಇಳಿಯುತ್ತಿರಲಿಲ್ಲ, ಏಕೆಂದರೆ ಅದು ಬಟ್ಟೆಯಲ್ಲ, ಕಚೇರಿ. ಬಲಜೇಬಿನಲ್ಲಿ ಸುಣ್ಣದ ಕಡ್ಡಿ, ಎಡಜೇಬಿನಲ್ಲಿ ಗಂಟು ಹಾಕಿದ ದಾರದ ಉಂಡೆ, ಎದೆಯ ಒಳಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಹಿಡಿಯಿಲ್ಲದ ಪುಟ್ಟ ಕಾಫಿ ಬಟ್ಟಲು. ಬಟ್ಟಲು ಯಾತಕ್ಕೆಂದರೆ, ಕಟ್ಟಬೇಕಾದ ಜಾಗಕ್ಕೆ ಹೋಗಿ, ನೆಲದ ಮೇಲೆ ಸುಣ್ಣದಲ್ಲಿ ಇಡೀ ಮನೆಯನ್ನು ನಿಜವಾದ ಅಳತೆಯಲ್ಲೇ ಬರೆದು, ಬಾಗಿಲಿನಿಂದ ಒಳಹೊಕ್ಕು, ನಡುಮನೆಯಲ್ಲಿ ಕುಳಿತು, ಮನೆಯವರ ಜೊತೆ ಒಂದು ಬಟ್ಟಲು ಕಾಫಿ ಕುಡಿಯದ ಹೊರತು ಅವರು ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಇದು ಅವರ ಹಠ. ಹಲ್ಲಿನ ಡಾಕ್ಟರೊಬ್ಬ ಮಹಡಿಯ ಮೇಲೆ ಚಿಕಿತ್ಸಾಲಯ ಕಟ್ಟಿಸಲು ಬಂದಾಗ, ಅವನನ್ನೇ ರೋಗಿಯಂತೆ ಕೆನ್ನೆ ಹಿಡಿಸಿ, ನರಳಿಸುತ್ತ ಮೆಟ್ಟಿಲು ಹತ್ತಿಸಿ, ಕೊನೆಗೆ ‘ಹಿಡಿಗಂಬಿಯು ಎಡಗಡೆಗಿರತಕ್ಕದ್ದು, ರೋಗಿಯ ಬಲಗೈಗೆ ಬೇರೆ ಕೆಲಸವಿರುತ್ತದೆ’ ಎಂದು ಬರೆದವರು ಅವರು. ಆ ಕಂಬಿ ಇಂದಿಗೂ ಎಡಗಡೆಗೇ ಇದೆ.

ಇಂಥವರ ಬಳಿಗೆ ಆ ವರ್ಷದ ವಸಂತದಲ್ಲಿ ರುವೈದ್ ಬಂದ. ಅಮ್ಮಾನಿಗೆ ಹೋಗುವ ಬಸ್ಸಿನ ಚಾಲಕ. ಮೈಸೂನ್ ಎಂಬ ದಾದಿಯೊಂದಿಗೆ ಮದುವೆ ಗೊತ್ತಾಗಿತ್ತು. ಅವನಿಗಿದ್ದ ಆಸ್ತಿಯೆಂದರೆ ತಂದೆಯ ಮನೆಯ ಮಾಳಿಗೆ. ಗುಡ್ಡದ ಮೈಗೆ ಹಳದಿ ಕಲ್ಲಿನ ಮನೆಗಳು ಒಂದರ ಮೇಲೊಂದು ಅಂಟಿಕೊಂಡಿರುವ ನಮ್ಮೂರಿನಲ್ಲಿ ಕೆಳಗಿನವರ ಮಾಳಿಗೆ ಮೇಲಿನವರ ಅಂಗಳಕ್ಕೆ ಸಮವಾಗಿರುತ್ತದೆ. ಹಾಗಾಗಿ ಒಬ್ಬರು ಮನೆ ಏರಿಸಬೇಕಾದರೆ ಇನ್ನೊಬ್ಬರು ಒಪ್ಪಬೇಕು. ಇಲ್ಲಿ ಒಪ್ಪಬೇಕಾದವರು ಇಬ್ಬರು. ಒಬ್ಬರು ಮಾಳಿಗೆಯ ಹಿಂದಿನ ಮನೆಯ ಉಮ್ಮ್ ಸಾರಿ, ಎಂಬತ್ತರ ಹತ್ತಿರದ ವಿಧವೆ. ಇನ್ನೊಬ್ಬರು ವಧುವಿನ ತಂದೆ ಅಬು ಮುತ್ಲಕ್, ಸೇನೆಯಿಂದ ನಿವೃತ್ತರಾದ ಹವಾಲ್ದಾರರು; ಮನೆಯ ವಿವರಣೆಯನ್ನು ಮದುವೆಯ ಕರಾರಿಗೇ ಷರತ್ತಾಗಿ ಲಗತ್ತಿಸಬೇಕು, ದ್ರಾಕ್ಷಿಯ ಕಾಲ ಮುಗಿಯುವುದರೊಳಗೆ ಅದರಂತೆಯೇ ಮನೆ ಎದ್ದಿರಬೇಕು, ಇಲ್ಲವಾದರೆ ಮಗಳನ್ನು ಕಳಿಸುವುದಿಲ್ಲವೆಂದು ಅವರು ಹೇಳಿಯಾಗಿತ್ತು.

ಅಬು ನಜೀಬರು ಮಾಳಿಗೆಯನ್ನು ಗೋಡೆಯಿಂದ ಗೋಡೆಗೆ ನಡೆದರು. ಹದಿನಾರು ಹೆಜ್ಜೆ, ಅಂದರೆ ಹನ್ನೆರಡು ಮೀಟರು. ಆರು ಹೆಜ್ಜೆಯ ನಡುಮನೆ, ಆರು ಹೆಜ್ಜೆಯ ಮಲಗುವ ಕೋಣೆ, ಗುಡ್ಡದ ಕಡೆಯ ತುದಿಗೆ ನಾಲ್ಕು ಹೆಜ್ಜೆಯ ಅಡುಗೆಮನೆ. ಸುಣ್ಣದ ಗೆರೆ ಎಳೆದು ಮುಗಿಯುವುದರೊಳಗೆ ಎರಡೂ ಮನೆಯವರು ಮಾಳಿಗೆ ಹತ್ತಿದರು. ಅಬು ಮುತ್ಲಕ್ ಕೈ ಹಿಂದೆ ಕಟ್ಟಿಕೊಂಡು ನೇರವಾಗಿ ನಡುಮನೆಗೆ ಬಂದು ನಿಂತರು.

"ಗೋಡೆ ಎಲ್ಲಿ ಬರುತ್ತೆ?" ಎಂದರು.

"ನೀವು ಈಗ ತೂರ್ಕೊಂಡು ಬಂದ್ರಲ್ಲ, ಅದೇ ಗೋಡೆ," ಎಂದರು ಅಬು ನಜೀಬ್. "ಹಿಂದೆ ಹೋಗಿ ಬಾಗಿಲಿಂದ ಬನ್ನಿ ಹವಾಲ್ದಾರ್ರೇ. ಮೊದಲನೇ ದಿನಾನೇ ಹೀಗೆ ನುಗ್ಗಿದ್ರೆ ಬೀಗರು ಏನಂದ್ಕೋತಾರೆ?"

ಅಬು ಮುತ್ಲಕ್ ಒಂದು ಕ್ಷಣ ದುರುಗುಟ್ಟಿ ನೋಡಿದರು. ಆಮೇಲೆ ಬಂದ ದಾರಿಯಲ್ಲೇ ಹಿಂದೆ ಹೋಗಿ, ಸುಣ್ಣದ ಗೆರೆಯಲ್ಲಿ ಬಿಟ್ಟಿದ್ದ ತೆರಪನ್ನು ಹುಡುಕಿ, ಇಲ್ಲದ ಚೌಕಟ್ಟಿಗೆ ತಲೆ ಬಗ್ಗಿಸಿ ಒಳಗೆ ಬಂದರು. ಆ ಬಳಿಕ ಸಂಜೆಯವರೆಗೂ ಯಾರೊಬ್ಬರೂ ಗೋಡೆ ದಾಟಲಿಲ್ಲ. ಕಾಫಿಯ ತಟ್ಟೆಯೂ ಬಾಗಿಲಿನಿಂದ ಸುತ್ತಿಕೊಂಡೇ ಬಂತು.

"ನಿನಗೆ ಏನು ಬೇಕಮ್ಮ?" ಎಂದು ಅಬು ನಜೀಬರು ವಧುವನ್ನು ಕೇಳಿದರು. ಅಲ್ಲಿಯ ತನಕ ಎಲ್ಲರೂ ತಮತಮಗೆ ಬೇಕಾದದ್ದನ್ನು ಹೇಳಿದ್ದರು, ಅವಳನ್ನು ಯಾರೂ ಕೇಳಿರಲಿಲ್ಲ.

"ಅಡುಗೆಮನೆ ಒಂದು ಸರಿಯಾಗಿದ್ರೆ ಸಾಕು ದೊಡ್ಡಪ್ಪ," ಎಂದಳು ಮೈಸೂನ್. "ನಮ್ಮಮ್ಮನ ಅಡುಗೆಮನೇಲಿ ಒಬ್ರು ನಿಂತ್ರೆ ಇನ್ನೊಬ್ರಿಗೆ ಜಾಗ ಇಲ್ಲ. ಇಪ್ಪತ್ತೈದು ವರ್ಷ ಬಾಗಿಲಲ್ಲಿ ನಿಂತು ನಾನು ಅಮ್ಮನ ಬೆನ್ನಿನ ಜೊತೆ ಮಾತಾಡಿದೀನಿ. ನಮ್ಮನೇಲಿ ಇಬ್ರು ನಿಲ್ಲೋ ಹಾಗಿರ್ಲಿ."

"ನನಗೆ ಮೊಟ್ಟೆ ಬೇಯಿಸೋದು ಬಿಟ್ಟು ಏನೂ ಬರಲ್ಲ," ಎಂದ ರುವೈದ್.

"ಮೊಟ್ಟೆಗೂ ನಿಂತ್ಕೊಳ್ಳೋಕೆ ಜಾಗ ಬೇಕಲ್ಲ," ಎಂದಳು ಅವಳು.

ಅವಳ ತಾಯಿ ಕಾಫಿ ಬಟ್ಟಲುಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡದ್ದನ್ನು ಅಬು ನಜೀಬರು ಗಮನಿಸಿದರು. ವಧೂವರರಿಬ್ಬರನ್ನೂ ಸುಣ್ಣದ ಅಡುಗೆಮನೆಯಲ್ಲಿ ನಿಲ್ಲಿಸಿ, ಒಬ್ಬಳು ಒಲೆಯ ಮುಂದೆ, ಒಬ್ಬನು ಕಪಾಟಿನ ಮುಂದೆ ಎಂದು ತಿರುಗಿಸಿ, ‘ಅಡುಗೆಮನೆಯು ಮೂರು ಮೀಟರು, ಅದರಲ್ಲಿ ಇಬ್ಬರು ಒಬ್ಬರಿಗೊಬ್ಬರು ಸರಿದುಕೋ ಎನ್ನದೆ ದುಡಿಯತಕ್ಕದ್ದು’ ಎಂದು ಬರೆದುಕೊಂಡರು.

ಉಮ್ಮ್ ಸಾರಿಯದು ಬೇರೆಯೇ ಕಥೆ. ಅವರ ಅಂಗಳದಲ್ಲಿ ಮಾಳಿಗೆಗೆ ತಾಗಿದಂತೆ ತುಪ್ಪದ ಡಬ್ಬಿಗಳಲ್ಲಿ ನೆಟ್ಟ ಪುದೀನದ ಸಾಲು; ಮೇಲೆ, ಹತ್ತು ಮೆಟ್ಟಿಲು ಹತ್ತಿದರೆ ಒಂದು ಜಗಲಿ; ಜಗಲಿಯಲ್ಲೊಂದು ಗಿಡ್ಡ ಬೆತ್ತದ ಕುರ್ಚಿ. ಅವರ ದಿನವೆಲ್ಲ ಆ ಕುರ್ಚಿಯಲ್ಲಿ ಕಳೆಯುತ್ತಿತ್ತು.

"ಮೂವತ್ತು ವರ್ಷದಿಂದ ಎದುರು ಗುಡ್ಡ ನೋಡ್ತಾ ಇದೀನಿ," ಎಂದರು ಅವರು. "ನನ್ನ ಟೀವಿ ಅದು. ನನ್ನ ಟೀವಿ ಮುಂದೆ ಗೋಡೆ ಎಬ್ಬಿಸೋಕೆ ನಾನೇ ಸಹಿ ಹಾಕ್ಬೇಕಾ? ಹೋಗಯ್ಯ."

ಅಬು ನಜೀಬರು ವಾದಿಸಲಿಲ್ಲ. ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರಲು ಅಪ್ಪಣೆ ಕೇಳಿದರು. ಕುಳಿತು, ಅವರು ಕೊಟ್ಟ ಚಹಾ ಕುಡಿಯುತ್ತ, ಎದುರು ಗುಡ್ಡದ ತಿರುವುಗಳನ್ನು ನೋಡತೊಡಗಿದರು.

"ಆ ಬಿಳೀ ಕಾರು ಯಾರದು ಉಮ್ಮ್ ಸಾರಿ?"

"ಔಷಧಿ ಅಂಗಡಿಯವನದು. ಇವತ್ತು ತಡ ಮಾಡಿದಾನೆ. ಹೆಂಡತಿ ತವರಿಂದ ಬಂದಿರ್ಬೇಕು."

ಒಂದು ಗಂಟೆ ಕಳೆಯಿತು. ಆಮೇಲೆ ಅಬು ನಜೀಬರು ಉಮ್ಮ್ ಸಾರಿಯನ್ನು ಕುರ್ಚಿಯಲ್ಲಿ ಕೂರಿಸಿ, ದಾರದಿಂದ ಅವರ ಕಣ್ಣಿನ ಎತ್ತರವನ್ನು ಅಳೆದು, ಅಲ್ಲೇ ಬರೆದು, ಓದಿ ಹೇಳಿದರು: ‘ಹೊಸ ಮನೆಯ ಚಾವಣಿಯೂ ಅದರ ಕೈಪಿಡಿಗೋಡೆಯೂ, ಉಮ್ಮ್ ಸಾರಿಯವರು ತಮ್ಮ ಬೆತ್ತದ ಕುರ್ಚಿಯಲ್ಲಿ ಕುಳಿತಾಗ ಅವರ ಕಣ್ಣಿಗಿಂತ ಒಂದು ಗೇಣು ಕೆಳಗಿರತಕ್ಕದ್ದು, ಎದುರು ಗುಡ್ಡದ ರಸ್ತೆಯ ಒಂದು ತಿರುವೂ ಮರೆಯಾಗತಕ್ಕದ್ದಲ್ಲ, ಸದರಿ ಚಾವಣಿಯ ಮೇಲೆ ಅವರು ದ್ರಾಕ್ಷಿ ಒಣಗಿಸಿಕೊಳ್ಳಬಹುದು.’ ಉಮ್ಮ್ ಸಾರಿ ಅದನ್ನು ಎರಡು ಸಲ ಓದಿಸಿ ಕೇಳಿ, ಹೆಬ್ಬೆರಳು ಒತ್ತಿದರು.

ಮದುವೆಯ ಕರಾರಿನ ದಿನ ಆ ವಿವರಣೆಯನ್ನು ಆದ್ಯಂತವಾಗಿ ಓದಿದಾಗ, ಅಡುಗೆಮನೆಯ ಸಾಲಿಗೆ ಹೆಂಗಸರ ಕಡೆಯಿಂದ ಹರ್ಷದ ಉಲಿ ಎದ್ದಿತು. ಅದೇ ಹಾಳೆಗಳ ಇನ್ನೊಂದು ಪ್ರತಿ ಅರ್ಜಿಯೊಂದಿಗೆ ಪುರಸಭೆಗೆ ಹೋಯಿತು.

ಎಡವಿದ್ದು ಅಲ್ಲಿ. ಪುರಸಭೆಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ರೂಲಾ ಅಬು ನಜೀಬರ ಹಾಳೆಗಳನ್ನು ಮನೆಗೂ ಒಯ್ದು ಓದುವಷ್ಟು ಮೆಚ್ಚಿದವಳು. ಆದರೆ ಅಳತೆಯ ಟೇಪು ಇಲ್ಲದೆ ಸಹಿ ಹಾಕುವವಳಲ್ಲ. ಮಾಳಿಗೆ ಅಳೆದು ಬಂದವಳು ಅವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು.

"ದೊಡ್ಡಪ್ಪ, ಹನ್ನೆರಡು ಮೀಟರ್ ಅಂತ ಬರ್ದಿದೀರ. ಹನ್ನೊಂದು ಇಪ್ಪತ್ತೇ ಇರೋದು."

"ಟೇಪ್ ಇನ್ನೊಂದ್ಸಲ ನೋಡಿ ಇಂಜಿನಿಯರಮ್ಮ," ಎಂದರು ಅವರು, ನಗುತ್ತಲೇ.

ಅವಳು ಬಾಗಿಲು ತೆರೆದು ಪಡಸಾಲೆಯ ಉದ್ದಕ್ಕೂ ಟೇಪನ್ನು ನೆಲದ ಮೇಲೆ ಹಾಸಿದಳು. ಅಬು ನಜೀಬರು ಹದಿನಾರು ಹೆಜ್ಜೆ ನಡೆದರು. ಹನ್ನೊಂದು ಮೀಟರು ಇಪ್ಪತ್ತು. ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟು ಮತ್ತೆ ನಡೆದರು. ಅವರು ಕೋಟು ಬಿಚ್ಚಿದ್ದನ್ನು ಆ ಕಚೇರಿ ನೋಡಿದ್ದು ಅದೇ ಮೊದಲು. ಹನ್ನೊಂದು ಮೀಟರು ಹದಿನೆಂಟು. ಊರೆಲ್ಲ ನಂಬಿದ್ದ, ಸರ್ವೆಯವನು ಪಳಗಿಸಿದ್ದ ಆ ಎಪ್ಪತ್ತೈದು, ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಡೆಯನಿಗೂ ತಿಳಿಸದೆ ಎಪ್ಪತ್ತಕ್ಕೆ ಇಳಿದಿತ್ತು. ಅಡುಗೆಮನೆಯ ನಾಲ್ಕು ಹೆಜ್ಜೆ ಈಗ ಎರಡು ಮೀಟರು ಎಂಬತ್ತು.

"ಇಪ್ಪತ್ತು ಸೆಂಟಿಮೀಟರ್ ತಾನೆ," ಎಂದಳು ರೂಲಾ ಮೆತ್ತಗೆ.

"ಅಡುಗೆಮನೇಲಿ ಇಪ್ಪತ್ತು ಸೆಂಟಿಮೀಟರ್ ಅಂದ್ರೆ ಒಂದು ಬೆನ್ನು ಕಣಮ್ಮ," ಎಂದರು ಅಬು ನಜೀಬ್. "ಸುಣ್ಣದ ಮನೇಲಿ ಒಲೆ ಇರ್ಲಿಲ್ಲ, ಕಪಾಟು ಇರ್ಲಿಲ್ಲ, ಇಬ್ರೂ ಆರಾಮಾಗಿ ನಿಂತ್ರು. ನಾಳೆ ಒಬ್ರು ಬಾಗಿಲಿಗೆ ಹೋಗ್ಬೇಕಾಗುತ್ತೆ."

ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು; ಅದನ್ನು ಮುಚ್ಚಿಡುವ ಸ್ವಭಾವ ಅವರದಲ್ಲ. ಮೇಜಿಗೆ ಬಟ್ಟೆ ಮುಚ್ಚಿ, ಮೂರು ದಿನ ಊರೆಲ್ಲ ಅಲೆದು, ಇತ್ತೀಚಿನ ವರ್ಷಗಳಲ್ಲಿ ತಾವು ವಿವರಣೆ ಬರೆದಿದ್ದ ಮನೆಗಳ ಬಾಗಿಲು ತಟ್ಟಿ, ನಿಮಗೆ ನನ್ನಿಂದ ಮೋಸವಾಗಿರಬಹುದು, ಅಳೆದು ನೋಡುತ್ತೇನೆಂದರು. ಬಹುಪಾಲು ಮನೆಗಳನ್ನು ಮೇಸ್ತ್ರಿಗಳು ತಮ್ಮ ಟೇಪಿನಿಂದಲೇ ಕಟ್ಟಿದ್ದರಿಂದ ಏನೂ ಆಗಿರಲಿಲ್ಲ. ಒಂದು ಕೋಳಿಗೂಡು ಮಾತ್ರ ಒಂದು ಮೊಳ ಚಿಕ್ಕದಾಗಿತ್ತು.

"ಕೋಳಿಗಳು ಇಲ್ಲೀ ತನಕ ದೂರು ಕೊಟ್ಟಿಲ್ಲ ಅಬು ನಜೀಬ್," ಎಂದ ಗೂಡಿನ ಒಡೆಯ. "ಕೊಟ್ರೆ ಅರ್ಜಿ ಬರ್ಸೋಕೆ ನಿಮ್ಮ ಹತ್ರಾನೇ ಕರ್ಕೊಂಡ್ ಬರ್ತೀನಿ."

ಚೌಕದಲ್ಲಿ ಅಳಗುಳಿ ಆಡುವವರಿಗೆ ಒಂದು ವಾರಕ್ಕಾಗುವಷ್ಟು ಮಾತು ಸಿಕ್ಕಿತು. ನನ್ನ ಹಜಾರದ ಮೂಲೆಯೊಂದು ಕಾಣೆಯಾಗಿದೆ, ನಿನ್ನ ಕೋಟಿನ ಜೇಬು ತೋರಿಸು ಎಂದು ಒಬ್ಬ. ಅವರೂ ನಕ್ಕರು. ನಾಲ್ಕನೆಯ ದಿನ ರುವೈದನನ್ನು ಕರೆದುಕೊಂಡು ಅಬು ಮುತ್ಲಕರ ಮನೆಗೆ ಹೋಗಿ, ನಿಂತುಕೊಂಡೇ ತಪ್ಪೊಪ್ಪಿಕೊಂಡರು.

"ಪಾಪ, ಹುಡುಗನ ತಪ್ಪಲ್ಲ, ನನ್ನ ಕಾಲಿನ ತಪ್ಪು. ನಡುಮನೆಯಿಂದ ಇಪ್ಪತ್ತು ಕಿತ್ತು ಅಡುಗೆಮನೆಗೆ ಹಾಕ್ಬಹುದು, ನೀವು ಹೂಂ ಅಂದ್ರೆ."

ಹವಾಲ್ದಾರರು ಮೀಸೆ ತಿರುವಲಿಲ್ಲ, ಕೂಗಾಡಲಿಲ್ಲ, ಅದೇ ಕಷ್ಟವಾದದ್ದು. "ಮೂರೂ ಕೋಣೆ ಅಳತೆ ಕರಾರಲ್ಲಿದೆ. ಮುದ್ರೆ ಬಿದ್ದಿದೆ," ಎಂದರು. "ಮಗಳ ಮನೆಯಿಂದ ಒಂದು ಬೆರಳು ಬಿಟ್ಟುಕೊಡೋಕೆ ನಾನು ಸಹಿ ಹಾಕಲ್ಲ. ದ್ರಾಕ್ಷಿ ಮುಗಿಯೋದ್ರೊಳಗೆ ಬರ್ದ ಹಾಗೆ ಕಟ್ಲಿ. ಇಲ್ದಿದ್ರೆ ಮುಂದಿನ ದ್ರಾಕ್ಷಿ ನೋಡೋಣ."

ಅಬು ನಜೀಬರು ಅಲ್ಲಿಂದ ನೇರವಾಗಿ ಉಮ್ಮ್ ಸಾರಿಯ ಜಗಲಿಗೆ ಹೋದದ್ದು ಏನನ್ನೂ ಕೇಳಲಿಕ್ಕಲ್ಲ. ಸಹಿ ಹಾಕಿಸಿಕೊಂಡ ಮೇಲೆ ಮನೆ ನಿಂತುಹೋಗುತ್ತಿದೆ ಎಂದು ತಿಳಿಸುವುದು ತಮ್ಮ ಕರ್ತವ್ಯವೆಂದು ಹೋದರು. ಕೇಳಿದ ಉಮ್ಮ್ ಸಾರಿಗೆ ಆಶ್ಚರ್ಯವೇ ಆಗಲಿಲ್ಲ.

"ನಿನ್ನ ಹೆಜ್ಜೆ ಚಿಕ್ಕದಾದದ್ದು ನನಗೆ ಎರಡು ವರ್ಷದಿಂದ ಗೊತ್ತು," ಎಂದರು. "ದಿನಾ ಬೆಳಿಗ್ಗೆ ಎದುರು ರಸ್ತೇಲಿ ಬರ್ತೀಯಲ್ಲ. ಮುಂಚೆ ನೀನು ಅಂಜೂರದ ಮರದಿಂದ ಕೆಳಗಿನ ತಿರುವಿಗೆ ಬರೋಷ್ಟರಲ್ಲಿ ನನ್ನ ಚಹಾ ಅರ್ಧ ಆಗಿರ್ತಿತ್ತು. ಈಗ ಲೋಟ ಖಾಲಿ ಆಗಿರುತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕೇಳ್ದೋರು ಯಾರು?"

ಆಮೇಲೆ ಉಮ್ಮ್ ಸಾರಿ ಕೆಳಗಿನ ಪುದೀನದ ಡಬ್ಬಿಗಳ ಕಡೆ ಕೈ ತೋರಿಸಿದರು.

"ಆ ಡಬ್ಬಿಗಳು ಎಷ್ಟು ಅಗಲ ಜಾಗ ಹಿಡ್ಕೊಂಡಿವೆ?"

ಅಬು ನಜೀಬರು ಎದ್ದು, ಹೆಜ್ಜೆ ಇಡಲು ಹೋಗಿ, ನಿಂತು, ಎಡಜೇಬಿನಿಂದ ದಾರ ತೆಗೆದರು. ಒಂದು ಮೀಟರಿಗೆ ಕೊಂಚ ಕಡಿಮೆ; ಮಾಳಿಗೆಗೆ ಕಮ್ಮಿ ಬಿದ್ದಿದ್ದ ಎಂಬತ್ತು ಸೆಂಟಿಮೀಟರಿಗೆ ಸಾಕಾಗುವಷ್ಟು.

"ತಗೋ. ಬರ್ಕೊ," ಎಂದರು ಉಮ್ಮ್ ಸಾರಿ. "ಮನಸಾರೆ ಖುಷಿಯಿಂದ ಕೊಡ್ತಿದೀನಿ. ಮೂವತ್ತು ವರ್ಷದಲ್ಲಿ ಈ ಕುರ್ಚೀಲಿ ಕೂತು, ಇವಳು ಇಲ್ಲಿಂದ ಏನು ನೋಡ್ತಾಳೆ ಅಂತ ನೋಡಿದವನು ನೀನೊಬ್ನೇ. ಆದ್ರೆ ಪುಕ್ಕಟೆ ಅಲ್ಲ. ಅಡುಗೆಮನೆಗೆ ನನ್ನ ಕಡೆಗೊಂದು ಕಿಟಕಿ ಬೇಕು. ನನಗೂ ಮಾತಾಡೋಕೆ ಒಂದು ಮುಖ ಬೇಡ್ವಾ?"

ಮರುದಿನ ಮೈಸೂನ್ ಬಂದಳು. ಅಬು ನಜೀಬರು ಅವಳನ್ನು ಮಾಳಿಗೆಯ ಕಡೆ, ಉಮ್ಮ್ ಸಾರಿಯನ್ನು ಅಂಗಳದ ಕಡೆ ನಿಲ್ಲಿಸಿ, ಇಬ್ಬರ ಕೈಗೂ ಒಂದೇ ತಟ್ಟೆ ಹಿಡಿಸಿ, ಒಬ್ಬಳು ಬಗ್ಗದೆ ಇನ್ನೊಬ್ಬರು ತುದಿಗಾಲಲ್ಲಿ ನಿಲ್ಲದೆ ತಟ್ಟೆ ದಾಟುವ ಎತ್ತರಕ್ಕೆ ದಾರದಲ್ಲಿ ಗಂಟು ಹಾಕಿದರು. ‘ಕಿಟಕಿಯ ಕೆಳ ಅಂಚು ಈ ಎತ್ತರಕ್ಕಿರತಕ್ಕದ್ದು, ತುಂಬಿದ ತಟ್ಟೆಯೊಂದು ಚೆಲ್ಲದೆ ದಾಟತಕ್ಕದ್ದು.’ ಹೊಸ ಹಾಳೆಯ ಕೊನೆಗೆ, ಅಳತೆಗಳನ್ನು ಇಂಜಿನಿಯರ್ ರೂಲಾ ಅವರ ಟೇಪಿನಿಂದ ತೆಗೆದದ್ದು ಎಂದು ಕಾಣಿಸಿ, ಅದರ ಕೆಳಗೆ ಯಾರೂ ಕೇಳದಿದ್ದರೂ ಒಂದು ಸಾಲು ಸೇರಿಸಿದರು: ‘ಬರೆದವನ ಹೆಜ್ಜೆ, ಈ ವರ್ಷದ ಮಟ್ಟಿಗೆ, ಎಪ್ಪತ್ತು ಸೆಂಟಿಮೀಟರು.’ ರೂಲಾ ಅದರ ಮೇಲೂ ಮುದ್ರೆ ಒತ್ತಿದಳು.

ಕೊನೆಯ ದ್ರಾಕ್ಷಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಮನೆ ಎದ್ದಿತು. ಮದುವೆಯ ಬೆಳಿಗ್ಗೆ ಅಬು ಮುತ್ಲಕರು ಟೇಪು ಹಿಡಿದು ಮೂರೂ ಕೋಣೆಗಳನ್ನು ಅಳೆದು, ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಅಬು ನಜೀಬರ ಎರಡೂ ಕೆನ್ನೆಗೆ ಮುತ್ತಿಟ್ಟರು. ಅಬು ನಜೀಬರು ತಾವು ಆ ಮೊದಲೇ ಹೊಕ್ಕು ಬಂದಿದ್ದ ಅಡುಗೆಮನೆಯನ್ನು ಇನ್ನೊಮ್ಮೆ ನಡೆದು ನೋಡಿದರು. ನಾಲ್ಕು ಹೆಜ್ಜೆ, ಮೇಲೊಂದು ಚೂರು.

"ನನ್ನ ಹೆಜ್ಜೆ ಚಿಕ್ಕದಾದಷ್ಟೂ ನಿಮ್ಮ ಮನೆ ದೊಡ್ಡದಾಗ್ತಾ ಹೋಗುತ್ತೆ," ಎಂದರು ರುವೈದನಿಗೆ. "ನೂರು ವರ್ಷ ಬದುಕಿದ್ರೆ ನಿಮಗೆ ಅರಮನೆ ಮಾಡ್ಕೊಡ್ತೀನಿ."

ಅಷ್ಟರಲ್ಲಿ ಕಿಟಕಿಯಿಂದ ದ್ರಾಕ್ಷಿಯೆಲೆಯ ಸುರುಳಿಗಳು ತುಂಬಿದ ತಟ್ಟೆಯೊಂದು ಒಳಗೆ ಬಂತು, ಹಿಂದೆಯೇ ಉಮ್ಮ್ ಸಾರಿಯ ಮುಖ. ತಟ್ಟೆ ಇಸಿದುಕೊಂಡವರು ಮೈಸೂನಳ ತಾಯಿ. ಅವರು ಅಭ್ಯಾಸಬಲದಿಂದ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಮದುವಣಗಿತ್ತಿ ಎಂದಿನಂತೆ ಬಾಗಿಲಲ್ಲೇ ನಿಂತು ಏನನ್ನೋ ಕೇಳಿದಳು. ತಾಯಿ ತಿರುಗಿ ನೋಡಿದರು. "ಅಲ್ಲೇ ಯಾಕೆ ನಿಂತೆ? ಒಳಗೆ ಬಾ, ಜಾಗ ಇದೆ," ಎಂದರು. ಮೈಸೂನ್ ಒಳಗೆ ಬಂದು ತಾಯಿಯ ಎದುರು ನಿಂತಳು. ಅಬು ನಜೀಬರು ಸದ್ದಿಲ್ಲದೆ ಹೊರಗೆ ಬಂದರು, ಬಾಗಿಲಿನಿಂದಲೇ.

ಇನ್ನೂ ಇಲ್ಲದ ಮನೆಯನ್ನು ಬರೆಯುವವರು ಲೋಕದಲ್ಲಿ ಬಹಳ ಮಂದಿಯಿದ್ದಾರೆ; ಅವರಲ್ಲಿ ಹೆಚ್ಚಿನವರು ಕಲ್ಲು, ಮರಳು, ಉದ್ದ, ಅಗಲ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅಲ್ಲೊಬ್ಬರು ಇಲ್ಲೊಬ್ಬರು ಮಾತ್ರ ತಾವೆಂದೂ ವಾಸಿಸದ ಮನೆಗೆ ಎಲ್ಲರಿಗಿಂತ ಮೊದಲು ಹೊಕ್ಕು, ಅಲ್ಲಿ ಕೂರಲಿರುವವರ ಕುರ್ಚಿಯಲ್ಲಿ ಕುಳಿತು, ನಿಲ್ಲಲಿರುವವರ ಬೆನ್ನಿಗೆ ಜಾಗವಿದೆಯೇ ಎಂದು ನೋಡಿ ಬಂದು ಬರೆಯುತ್ತಾರೆ. ಅಂಥವರ ಅಳತೆ ತಪ್ಪಬಹುದು, ಕಾಲಿಗೂ ವಯಸ್ಸಾಗುತ್ತದೆ. ತಪ್ಪಿದಾಗ ಯಾರಾದರೊಬ್ಬರು ತಮ್ಮ ಪುದೀನದ ಡಬ್ಬಿಗಳನ್ನು ಸರಿಸಿ ಅವರ ಮಾತನ್ನು ಉಳಿಸಿಕೊಡುತ್ತಾರೆ, ಏಕೆಂದರೆ ಆ ಹಾಳೆಯಲ್ಲಿ ತಮಗೂ ಒಂದು ಜಾಗವಿರುವುದನ್ನು ಅವರು ಓದಿಸಿ ಕೇಳಿರುತ್ತಾರೆ.